ಫ್ಲೂ ಜ್ವರಕ್ಕೆ ಹಳೆಯ ಅಳತೆ ಸಾಲದು

ನನ್ನ ಅಕ್ಕ ಈಗ ಏಳು ತಿಂಗಳ ಬಸುರಿ. ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ ಎಂದು ಆರೋಗ್ಯ ಕೇಂದ್ರದ ನರ್ಸಮ್ಮ ಮೂರು ಸಲ ಹೇಳಿಕಳುಹಿಸಿದ್ದರು. ಮೂರು ಸಲವೂ ಬೇಡ ಎಂದವರು ಭಾವ. ಅವರದು ಹೊಲಿಗೆ ಅಂಗಡಿ. ಅಲ್ಲೇ ಅಕ್ಕ ಗುಂಡಿ ತೂರುವ ಕಾಜಾ ಹೊಲಿಯುತ್ತಾಳೆ, ನಾನು ಗುಂಡಿ ಹಚ್ಚುತ್ತೇನೆ.

ಮೊನ್ನೆ ನರ್ಸಮ್ಮನೇ ಬಂದರು, ಹೊಲಿಯಲು ಕೊಟ್ಟಿದ್ದ ಕೋಟು ತೆಗೆದುಕೊಳ್ಳಲು. ಪರದೆಯ ಹಿಂದೆ ತೊಟ್ಟು ಹೊರಗೆ ಬಂದರೆ ತೋಳು ಮೇಲೇಳುತ್ತಿಲ್ಲ.

"ಏನ್ ಮಾಸ್ಟ್ರೇ, ಕೋಟು ಹೊಲಿ ಅಂದ್ರೆ ನನ್ನ ಮೂಟೆ ಕಟ್ಟಿದ್ದೀರಲ್ಲ!"

"ನಿಮ್ ಅಳತೆಗೆ ಕತ್ತರಿಸಿದ ಹಳೇ ಪೇಪರ್ ಇತ್ತಲ್ಲಮ್ಮ, ಮೂರು ವರ್ಷದ್ದು. ಅದ್ರಲ್ಲೇ ಕತ್ತರಿಸ್ದೆ."

"ಅಳತೆ ತಗೊಳ್ದೇನೇ? ಸರಿ, ಅದಿರ್ಲಿ. ಇವಳ ಫ್ಲೂ ಸೂಜಿ ವಿಷ್ಯ ಏನ್ಮಾಡಿದ್ರಿ?" ಎಂದು ಅಕ್ಕನತ್ತ ತೋರಿಸಿದರು.

"ಅವಳಿಗ್ಯಾಕಮ್ಮ? ಹೋದ್ ವರ್ಷ ತಾನೇ ಫ್ಲೂ ಬಂದು ಎಂಟು ದಿನ ಮಲಗಿದ್ಲು. ಅದ್ರ ಹಿಂದಿನ ವರ್ಷ ಸೂಜಿನೂ ಆಗಿದೆ. ಮೈಗೆ ಗೊತ್ತಿರಲ್ವಾ?"

ನರ್ಸಮ್ಮ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದರು. ಕಂಕುಳಲ್ಲಿ ಹೊಲಿಗೆ ಪರ್ ಎಂದಿತು.

ನನಗೆ ತಡೆಯಲಾಗಲಿಲ್ಲ. "ಭಾವಾ, ಮೈನೂ ನಿಮ್ ಥರಾನೇ ಹಳೇ ಪೇಪರ್ ಇಟ್ಕೊಂಡು ಕೂತಿರುತ್ತೆ!"

"ಅಬ್ಬಾ, ಒಬ್ಬಳ ತಲೆಗಾದ್ರೂ ಹೋಯ್ತು," ಎಂದರು ನರ್ಸಮ್ಮ. "ಚಿಕ್ಕಂದಿನಲ್ಲಿ ಮೊದಲ್ನೇ ಸಲ ಬಂದ ಫ್ಲೂನ ಮೈ ಗಟ್ಟಿಯಾಗಿ ನೆನಪಿಟ್ಕೊಳ್ಳುತ್ತೆ. ಆಮೇಲೆ ಬಂದ ಜ್ವರ, ಹಾಕಿಸ್ಕೊಂಡ ಸೂಜಿ, ಎಲ್ಲದರಿಂದ ಅದನ್ನ ತಿದ್ಕೊಳ್ತಾ ಹೋಗುತ್ತೆ. ಆದ್ರೆ ಫ್ಲೂ ವೈರಸ್ ಆಗಾಗ ರೂಪ ಬದಲಾಯಿಸುತ್ತೆ. ಸ್ವಲ್ಪ ಬದಲಾದ್ರೆ ಹಳೇ ನೆನಪು ಕೈ ಹಿಡಿಯುತ್ತೆ, ಜಾಸ್ತಿ ಬದಲಾದ್ರೆ ಸಾಲಲ್ಲ. ಸೂಜಿಯ ಬಲಾನೂ ತಿಂಗಳು ಕಳೆದ ಹಾಗೆ ಇಳಿಯುತ್ತೆ. ಅದಕ್ಕೇ ಈ ವರ್ಷದ್ದು ಈ ವರ್ಷ ಬೇಕು."

"ಸೂಜಿ ಹಾಕಿಸ್ಕೊಂಡೋರಿಗೂ ಜ್ವರ ಬಂದಿದೆಯಲ್ಲಮ್ಮ?"

"ಬರ್ಬೋದು. ಆಸ್ಪತ್ರೆ ಸೇರೋ ಮಟ್ಟಕ್ಕೆ ಹೋಗೋದು ಕಮ್ಮಿ. ಬಸುರಿಗೆ ಫ್ಲೂ ಜೋರಾದ್ರೆ ಉಸಿರಿಗೇ ಕುತ್ತು, ಮಾಸ್ಟ್ರೇ."

ಭಾವನ ದನಿ ತಗ್ಗಿತು. "ಸೂಜಿಯಿಂದ ಮಗೂಗೆ ಏನಾದ್ರೂ ಆದ್ರೆ?"

"ಅಯ್ಯೋ, ಇದನ್ನ ಮೊದಲೇ ಕೇಳ್ಬಾರ್ದಿತ್ತಾ? ಬಸುರಿಯರಿಗೆ ವರ್ಷಗಳಿಂದ ಕೊಡ್ತಾ ಇದ್ದೀವಿ, ಮಗೂಗೆ ಅದ್ರಿಂದ ತೊಂದ್ರೆ ಕಂಡಿಲ್ಲ. ಹುಟ್ಟಿದ ಮಗೂಗೆ ಆರು ತಿಂಗಳಾಗೋವರೆಗೂ ಈ ಲಸಿಕೆ ಕೊಡೋ ಹಾಗಿಲ್ಲ. ಅದ್ರ ಮೈಗೆ ಫ್ಲೂ ಅಂದ್ರೇನು ಅಂತಾನೇ ಗೊತ್ತಿರಲ್ಲ. ತಾಯಿ ಈಗ ಸೂಜಿ ಹಾಕಿಸ್ಕೊಂಡ್ರೆ, ಅಲ್ಲೀವರೆಗೂ ಅವಳ ಮೈಯಿಂದ ಹೋದ ಶಕ್ತಿನೇ ಕಾವಲು."

ಅಕ್ಕ ಬಟ್ಟೆ ಪಕ್ಕಕ್ಕಿಟ್ಟು ಎದ್ದಳು, ಚಪ್ಪಲಿ ಮೆಟ್ಟಿದಳು.

"ನನ್ ಮೈ ವಿಷ್ಯ ನೀವೆಲ್ಲ ಮಾತಾಡಿದ್ದಾಯ್ತು. ನಾನು ಹೊರಟೆ. ಬರೋರು ಬನ್ನಿ."

ಭಾವ ಟೇಪನ್ನು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಹಿಂದೆ ಓಡಿದರು. ಆರೋಗ್ಯ ಕೇಂದ್ರದಲ್ಲಿ ಅಕ್ಕನ ನಂತರ ತಾವೂ ತೋಳು ಒಡ್ಡಿದರಂತೆ.

ಓದುತ್ತಿರುವ ಅಕ್ಕ ಅಣ್ಣಂದಿರೇ, ಒಮ್ಮೆ ಫ್ಲೂ ಬಂದು ಹೋಗಿದೆ, ಹೋದ ವರ್ಷ ಲಸಿಕೆ ಆಗಿದೆ ಎಂದು ಸುಮ್ಮನಿರಬೇಡಿ. ಮನೆಯಲ್ಲಿ ಬಸುರಿಯರು, ವಯಸ್ಸಾದವರು, ಉಬ್ಬಸದವರು ಇದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಈ ವರ್ಷದ ಫ್ಲೂ ಲಸಿಕೆಯ ಬಗ್ಗೆ ವಿಚಾರಿಸಿ. ಮನಸ್ಸಿನಲ್ಲಿ ಭಯವಿದ್ದರೆ ಅದನ್ನೂ ಅಲ್ಲೇ ಕೇಳಿಬಿಡಿ. ಬಸುರಿಯ ಪರವಾಗಿ ಬೇಡ ಎನ್ನುವ ಮೊದಲು, ದಯವಿಟ್ಟು, ಅವಳನ್ನೊಂದು ಮಾತು ಕೇಳಿ.