ಹತ್ತಿ ಮೇಲೆ ನಡೆದ ಹಾಗೆ

ಹರಿಹರದಲ್ಲಿರುವ ನಮ್ಮತ್ತೆ ಉಡಚಮ್ಮ ಒಂದು ಸೋಮವಾರವನ್ನೂ ತಪ್ಪಿಸಿದವರಲ್ಲ. ಮನೆಯಿಂದ ಹರಿಹರೇಶ್ವರನ ಗುಡಿಯವರೆಗೆ ಬರಿಗಾಲ ನಡಿಗೆ. ನನ್ನ ಮಗಳು ಅಂಕಿತಾ ಹುಟ್ಟಿದಾಗ ಹೊತ್ತ ಹರಕೆ. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ.

ಈ ಸಲ ದಾವಣಗೆರೆಯ ನಮ್ಮ ಮನೆಗೆ ಬಂದಾಗ ಅವರ ಮುಖದ ತುಂಬ ಬೆಳಕು.

"ವಾಣಿ, ಈಗೀಗ ಹತ್ತಿ ಮೇಲೆ ನಡೆದಂಗೆ ಆಗ್ತೈತವ್ವ. ಕಲ್ಲು ಒತ್ತಲ್ಲ, ಬಿಸಿಲು ಸುಡಲ್ಲ. ಸ್ವಾಮಿ ನನ್ನ ಹರಕೆ ಒಪ್ಕೊಂಡಾನೆ."

ಅಕ್ಕಿ ತೊಳೆಯುತ್ತ ನಾನೂ ಅದನ್ನೇ ನಂಬಿದೆ. ಹೊಳೆ ಕಡೆಯ ಓಣಿಯಲ್ಲಿ ಅತ್ತೆ ನೆಲಕ್ಕೆ ತಾಗದೆ ತೇಲಿ ಹೋಗುವುದು, ಸೆರಗು ಮೋಡದಂತೆ ಹಿಂದೆ ಹಿಂದೆ ಬರುವುದು ಕಣ್ಣಿಗೆ ಕಟ್ಟಿತು. ಕುಕ್ಕರ್ ಕೂಗಿದಾಗಲೇ ಎಚ್ಚರ.

ಮಧ್ಯಾಹ್ನ ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದರು. ಅಂಕಿತಾ ಎಂದಿನಂತೆ ಅಂಗಾಲಿಗೆ ಕಚಗುಳಿ ಇಟ್ಟಳು. ಬೆರಳು ಸೋಕಿದರೆ ಸಾಕು, ಕಿಸಕ್ಕನೆ ನಕ್ಕು ಕಾಲೆಳೆದುಕೊಳ್ಳುತ್ತಿದ್ದ ಅಜ್ಜಿ ಅಲುಗಲಿಲ್ಲ.

"ಅಮ್ಮಾ, ಅಜ್ಜಿ ಕಾಲು ನಿದ್ದೆ ಮಾಡ್ತೈತೆ!"

"ಎಚ್ಚರ ಇದೀನಲ್ಲೇ ಕಳ್ಳಿ. ಯಾವಾಗ ಮುಟ್ಟಿದಿ?"

ಮಡಿಚುತ್ತಿದ್ದ ಬಟ್ಟೆ ಬಿಟ್ಟು ಬಂದು ಪಾದ ಎತ್ತಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಜಾಲಿ ಮುಳ್ಳೊಂದು ಮುರಿದು ಕೂತಿತ್ತು. ಸುತ್ತ ಕೆಂಪು, ಬಾವು, ಒಸರುವ ಕೀವು. ಇನ್ನೊಂದು ಪಾದಕ್ಕಿಂತ ಅದು ಬಿಸಿಯಾಗಿತ್ತು.

"ನೋವಿಲ್ಲಲ್ಲ, ಯಾಕ ಗಾಬರಿ? ಅರಿಶಿಣ ಹಚ್ಚು, ನಾಳೆ ನೋಡಾಣ."

"ನೋವಿಲ್ಲ ಅಂತಾನೇ ಗಾಬರಿ ಅತ್ತೆ. ಆಟೋ ಕರೀತೀನಿ, ಏಳ್ರಿ."

ಡಾಕ್ಟರು ಅತ್ತೆಯ ಹತ್ತಿಯ ಮಾತು ಕೇಳುತ್ತಲೇ ಮುಳ್ಳು ತೆಗೆದು ಗಾಯ ತೊಳೆದರು. "ಸಕ್ಕರೆಯಿಂದ ನರ ಜೋಮು ಹಿಡಿದಿದೆ. ಹತ್ತಿ ಅಂದ್ರಲ್ಲ, ಅದೇ ಗುರುತು. ಇವತ್ತೇ ಬಂದ್ರಿ, ಕಾಲು ಉಳೀತು. ಕೀವು ಎಲುಬಿಗೆ ಇಳಿದಿದ್ರೆ ಕಷ್ಟ ಇತ್ತು. ಇನ್ನು ಬರಿಗಾಲು ಬ್ಯಾಡ್ರಿ, ಮನೆಯೊಳಗೂ."

ಮರಳುವಾಗ ಅತ್ತೆ ಪಟ್ಟಿ ಕಟ್ಟಿದ ಪಾದವನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, "ಹಂಗಾರೆ ಅದು ಸ್ವಾಮಿ ಒಪ್ಪಿದ್ದಲ್ಲೇನು?" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಗಾಯ ಮಾಯುವವರೆಗೆ ಅಂತ ನಮ್ಮಲ್ಲೇ ಉಳಿದಿದ್ದಾರೆ. ಸೋಮವಾರ ಬಂದರೆ ಹರಿಹರದ ದಿಕ್ಕಿಗೆ ಕೂತಲ್ಲೇ ಕೈಮುಗಿಯುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಅಂಕಿತಾ ಪುಟ್ಟ ಕನ್ನಡಿ ಹಿಡಿದು ಅಜ್ಜಿಯ ಅಂಗಾಲು, ಬೆರಳ ಸಂದಿ ನೋಡುತ್ತಾಳೆ. ಕೊನೆಗೆ ಕಚಗುಳಿ ಇಡುತ್ತಾಳೆ.

ಕಾಲು ಸುಮ್ಮನಿರುತ್ತದೆ. ಕಾದು ಕೂತ ಮಗುವಿನ ಮುಖ ನೋಡಿ ಅತ್ತೆ ನಗುತ್ತಾರೆ.