ಬುರುಗು ಹೇಳಿದ ಸಾಕ್ಷಿ

ಶುಕ್ರವಾರ ಬೆಳಿಗ್ಗೆ ದೋಣಿ ಇಳಿದು ಕೋರ್ಟಿನ ಮೆಟ್ಟಿಲು ಹತ್ತುವಾಗ ಮುದುಕಿ ಎಡೆಲ್ಮೀರಾ ಕೈಚೀಲವನ್ನು ಎದೆಗವಚಿಕೊಂಡಿದ್ದಳು. ಒಳಗಿದ್ದದ್ದು ಒಂದು ಬಾಟಲಿ ಸೇಬಿನ ರಸ. ತಾನೇ ಸಾಕಿದ ಅಕ್ಕನ ಮಗ ನೊಲ್ಬೆರ್ತೊನನ್ನು ಜೈಲಿನಿಂದ ಉಳಿಸುವುದು ಅದೊಂದೇ ಎಂದು ಅವಳ ನಂಬಿಕೆ.

ಕುಡಿದು ಗಾಡಿ ಓಡಿಸಿ ಶಾಲೆಯ ಬೇಲಿ ಮುರಿದವನು ಅವನು. ಜೈಲಿಗೆ ಹಾಕುವ ಬದಲು ಈ ಕೋರ್ಟು ಅವನನ್ನು ಚಿಕಿತ್ಸೆಗೆ ಹಚ್ಚಿತ್ತು. ಹದಿನೈದು ದಿನಕ್ಕೊಮ್ಮೆ ನ್ಯಾಯಾಧೀಶೆಯ ಮುಂದೆ ನಿಲ್ಲಬೇಕು, ತೊಟ್ಟು ಮದ್ಯವನ್ನೂ ಮುಟ್ಟಬಾರದು. ತಪ್ಪಿದರೆ ಹಳೆಯ ಮೊಕದ್ದಮೆ ಮತ್ತೆ ಶುರು. ಹತ್ತು ತಿಂಗಳು ಅವನು ಮುಟ್ಟಿರಲಿಲ್ಲ. ಈ ಬುಧವಾರದ ಪರೀಕ್ಷೆಯಲ್ಲಿ ಮದ್ಯ ಕಂಡಿತ್ತು.

ಹಿಂದಿನ ಶನಿವಾರ ಎಡೆಲ್ಮೀರಾಳ ಹಿತ್ತಲಲ್ಲಿ ಸೇಬು ಬಡಿಯುವ ಕೆಲಸ. ಮರದ ತೊಟ್ಟಿಗೆ ಹಣ್ಣು ಸುರಿದು, ನಾಲ್ವರು ಎದುರುಬದುರು ನಿಂತು ಉದ್ದನೆಯ ಕೋಲುಗಳಿಂದ ಜಜ್ಜುತ್ತಾರೆ; ನೊಲ್ಬೆರ್ತೊನ ಕೋಲಿನ ತಾಳಕ್ಕೇ ಉಳಿದವರ ಕೋಲು ಬೀಳಬೇಕು. ಮಂಗಳವಾರ ಅವನು ಎರವಲು ಒಯ್ದಿದ್ದ ರಸ ಹಿಂಡುವ ಬುಟ್ಟಿ ವಾಪಸು ತಂದಾಗ ಅವಳು ರಸ ತುಂಬಿಟ್ಟ ಪೀಪಾಯಿಯಿಂದ ಒಂದು ಲೋಟ ಬಗ್ಗಿಸಿ ಕೊಟ್ಟಿದ್ದಳು. ಅವಳ ದ್ವೀಪದವರಿಗೆ ವಾರ ತುಂಬುವ ತನಕ ಅದು ಬರೀ ರಸ. ಮಕ್ಕಳೂ ಕುಡಿಯುತ್ತವೆ.

"ಅಮ್ಮಾವ್ರೇ, ತಪ್ಪಾಗಿದ್ರೆ ನಂದು," ಎಂದು ಅವಳು ಕೋರ್ಟಿನಲ್ಲಿ ಯಾರೂ ಕರೆಯುವ ಮೊದಲೇ ಎದ್ದು ನಿಂತಳು. "ಇದೇ ನೋಡಿ ಆ ರಸ. ನೀವೇ ರುಚಿ ನೋಡಿ, ಎಳೇ ಕೂಸಿಗೂ ಕೊಡಬಹುದು."

ಗುಮಾಸ್ತ ಬಾಟಲಿ ಇಸಿದುಕೊಂಡು ಬಿರಡೆ ಅಲ್ಲಾಡಿಸಿದ. ಢಬ್ ಎಂದು ಬಿರಡೆ ಹಾರಿ ದೀಪಕ್ಕೆ ಬಡಿಯಿತು. ಬುರುಗು ಅವನ ಟೈ, ಕಾಗದ, ಕನ್ನಡಕ ಎಲ್ಲವನ್ನೂ ತೋಯಿಸಿತು.

ನ್ಯಾಯಾಧೀಶೆ ತುಟಿ ಕಚ್ಚಿ ನಗು ತಡೆದರು. "ಅಜ್ಜಿ, ಎಳೇ ಕೂಸು ಇದನ್ನ ಕುಡಿದ್ರೆ ಶಾಲೆ ಬೇಲಿ ಅದೇ ಮುರಿದುಬಿಡುತ್ತೆ."

ಎಲ್ಲರೂ ನಕ್ಕರು. ಎಡೆಲ್ಮೀರಾ ಮಾತ್ರ ಬಗ್ಗಿ ಬಿರಡೆ ಹುಡುಕತೊಡಗಿದಳು. ತಾನೇ ಇವನನ್ನು ಮುಳುಗಿಸಿದೆನಲ್ಲ!

ಆಗ ನೊಲ್ಬೆರ್ತೊ ಎದ್ದ. "ಚಿಕ್ಕಮ್ಮಂದು ತಪ್ಪಿಲ್ಲ. ಮೊದಲ ಗುಟುಕಿಗೇ ನಾಲಿಗೆ ಚುರುಕ್ ಅಂತು, ರಸ ಹುದುಗಿದೆ ಅಂತ ನಂಗೆ ಗೊತ್ತಾಯ್ತು. ಲೋಟ ಕೆಳಗಿಟ್ರೆ ಬೇಜಾರು ಮಾಡ್ಕೋತಾಳೆ ಅಂತ ನೆಪ ಹೇಳ್ಕೊಂಡು ಖಾಲಿ ಮಾಡ್ದೆ. ಅವಳು ಎರಡನೇ ಲೋಟ ಬಗ್ಗಿಸೋವಾಗ ಓಡಿಬಂದೆ."

ಅವತ್ತು ದೋಣಿ ತಪ್ಪುತ್ತೆ ಎಂದು ಅವನು ಹೊರಟಾಗ "ಸೊಕ್ಕು ನೋಡು ಇವಂದು" ಎಂದು ತಾನು ಬೈದದ್ದು ಅವಳಿಗೆ ನೆನಪಾಯಿತು.

ಚಿಕಿತ್ಸಾ ಕೇಂದ್ರದಿಂದ ಬಂದಿದ್ದ ಹುಡುಗಿ ಎದ್ದು ಒಂದು ಮಾತು ಸೇರಿಸಿದಳು. "ಬುಧವಾರ ನಾವು ಕರೆದಿರ್ಲಿಲ್ಲ ಮೇಡಂ. ಬಾಗಿಲು ತೆಗೆಯೋ ಮೊದಲೇ ಬಂದು ಕೂತಿದ್ದ. ನಡೆದದ್ದು ಹೇಳಿ, ಪರೀಕ್ಷೆ ಮಾಡಿ ಅಂತ ತಾನೇ ಕೇಳಿದ."

ನ್ಯಾಯಾಧೀಶೆ ಕಡತದಲ್ಲಿ ಒಂದು ಸಾಲು ಬರೆದರು. "ಚಿಕಿತ್ಸೆ ಮುಂದುವರೀಲಿ, ಇನ್ನೂ ಮೂರು ತಿಂಗಳು ಜಾಸ್ತಿ. ಮುಂದಿನ ಸಲದಿಂದ ಅಜ್ಜಿನೂ ಬರ್ಬೇಕು. ಬರಿಗೈಲಿ."

ಹೊರಗೆ ಪಡಸಾಲೆಯಲ್ಲಿ ಮಾಯ್ತೆ ಎಂಬ ಹೆಂಗಸು ಅವರನ್ನು ತಡೆದಳು. ಇಂಥ ಕೋರ್ಟುಗಳಿಂದ ಉಪಯೋಗವಿದೆಯೋ ಇಲ್ಲವೋ ಎಂದು ಅಳೆಯಲು ರಾಜಧಾನಿಯಿಂದ ಬಂದವಳು. ಕೈಯಲ್ಲಿದ್ದ ಹಾಳೆಯಲ್ಲಿ 'ಮತ್ತೆ ಕುಡಿದಿದ್ದಾರೆ' ಎಂಬ ಸಾಲಿಗೆ ಆಗಲೇ ಗುರುತು ಬಿದ್ದಿತ್ತು.

"ನಿಮ್ಮ ಪ್ರಕಾರ ಇವರಲ್ಲಿ ಏನು ಬದಲಾಗಿದೆ ಅಜ್ಜಿ?"

"ಮುಂಚೆ ಮೂಗು ಬಾಟಲಿಯೊಳಗಿದ್ರೂ ಕುಡಿದಿಲ್ಲ ಅಂತಿದ್ದ ತಾಯಿ. ಈಗ ಯಾರೂ ಕೇಳದೇನೇ ಹೋಗಿ ಹೇಳ್ತಾನೆ. ಅದಕ್ಕೊಂದು ಸಾಲಿದೆಯಾ ನಿನ್ನ ಹಾಳೇಲಿ?"

ಮಾಯ್ತೆ ಹಾಳೆ ತಿರುವಿ ಹುಡುಕಿದಳು. ಇರಲಿಲ್ಲ. ಹಿಂಬದಿ ಖಾಲಿಯಿತ್ತು. ಗೋಡೆಗೆ ಒತ್ತಿಹಿಡಿದು ಅಲ್ಲೇ ಬರೆಯತೊಡಗಿದಳು.

ದೋಣಿಕಟ್ಟೆಯಲ್ಲಿ ಎಡೆಲ್ಮೀರಾ ಅವನ ಮುಖ ನೋಡದೆ ಕೇಳಿದಳು, "ಬರೋ ವರ್ಷ ಸೇಬು ಬಡಿಯೋಕೆ ಬರಲ್ವೇನೋ ಹಾಗಾದ್ರೆ?"

"ಬರ್ತೀನಿ. ನಾನಿಲ್ದಿದ್ರೆ ನಿಮ್ಮ ಕೋಲೆಲ್ಲ ದಿಕ್ಕಾಪಾಲು."

"ಬಡಿದ ದಿನ ಸಂಜೆಗೇ ರಸಾನ ಒಲೆ ಮೇಲಿಟ್ಟು ಜಾಮ್ ಮಾಡಿಬಿಡ್ತೀನಿ. ಲೋಟ ಬೇಡ, ಚಮಚ ತಗೊಂಡು ಬಾ."