ಮುತ್ತಜ್ಜನ ಎಡಗೈ

ವಿಕ್ಟೋರಿಯಾ ರಾಣಿಯ ಕಾಲದ ಆಟದ ಫೋಟೋ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ಕೂರುವವರಲ್ಲಿ ನೂರಕ್ಕೆ ತೊಂಬತ್ತು ಜನ ಬೊಗಳೆದಾಸರು. ಮೀಸೆ ಹೊತ್ತ ಹನ್ನೊಂದು ಜನ ಸಾಲಾಗಿ ನಿಂತಿದ್ದರೆ ಸಾಕು, ಅದರಲ್ಲೊಬ್ಬ ಇವರ ತಾತ, ಆ ತಾತ ಇಡೀ ದೇಶಕ್ಕೇ ಚಾಂಪಿಯನ್. ಆ ಫೋಟೋ ಎಲ್ಲಿಯದು, ಯಾವ ವರ್ಷದ್ದು ಎಂದು ಕಂಡುಹಿಡಿಯುವುದು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತ ನನ್ನ ಕೆಲಸ. ಗೋಲುಕಂಬಗಳ ನಡುವೆ ಮರದ ಅಡ್ಡಪಟ್ಟಿಯ ಬದಲು ಬರೀ ಟೇಪು ಕಟ್ಟಿದ್ದರೆ ಒಂದು ಕಾಲ, ಮೊಣಕಾಲ ಕೆಳಗಿನ ಪ್ಯಾಡು ಕಾಲುಚೀಲದ ಹೊರಗಿದ್ದರೆ ಇನ್ನೊಂದು ಕಾಲ. ನಾನು ಭೂತಗನ್ನಡಿ ಕೆಳಗಿಟ್ಟು, "ಇದು ನಿಮ್ಮ ತಾತ ಹುಟ್ಟೋಕೆ ಹನ್ನೆರಡು ವರ್ಷ ಮುಂಚಿನ ಫೋಟೋ" ಎಂದರೆ ಮುಖ ಹುಳ್ಳಗೆ ಮಾಡಿಕೊಂಡು ಎದ್ದು ಹೋಗುತ್ತಾರೆ. ಹೋಗುವಾಗ ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಆದರೆ ಇವರನ್ನೆಲ್ಲ ಒಟ್ಟಿಗೆ ಸೇರಿಸಿದರೂ ನನ್ನ ಅಣ್ಣನ ಕಾಲುಭಾಗಕ್ಕೆ ಸಮವಾಗುವುದಿಲ್ಲ.

ಅಣ್ಣ ಟೆನಿಸ್ ಕೋಚು. ಊರಿನವರು ಅವನನ್ನು ಎಡಗೈ ಮಾಸ್ಟರ್ ಎನ್ನುತ್ತಾರೆ, ಅವನು ಅದಕ್ಕೆ ಉಬ್ಬಿಹೋಗುತ್ತಾನೆ. ಅವನ ಮನೆಯ ಹಾಲಿನಲ್ಲಿ, ಟಿವಿಯ ಮೇಲ್ಗಡೆ, ಬಾಗಿಲಿನಷ್ಟು ದಪ್ಪದ ಫ್ರೇಮಿನೊಳಗೆ ಅಂಗೈ ಅಗಲದ ಒಂದು ಫೋಟೋ ಇತ್ತು. ನಮ್ಮ ಮುತ್ತಜ್ಜ, ಎಡಗೈಯಲ್ಲಿ ಟೆನಿಸ್ ರಾಕೆಟ್, ಹಿಂದೆ ಎಡಗಡೆಗೊಂದು ಗೋಪುರ, ಬಲಗಡೆಗೊಂದು ಚಿಮಣಿ. ಯಾವುದೋ ದೇಶದ ಅರಮನೆಯ ತೋಟದಲ್ಲಿ ರಾಜಕುಮಾರನನ್ನು ಸೋಲಿಸಿದ ದಿನ ತೆಗೆದದ್ದಂತೆ. ಬಂದವರಿಗೆಲ್ಲ ಚಹಾಕ್ಕಿಂತ ಮುಂಚೆ ಈ ಪುರಾಣ ಸಿಗುತ್ತಿತ್ತು. "ಎಡಗೈ ಅನ್ನೋದು ನಮ್ಮ ರಕ್ತದಲ್ಲೇ ಬಂದಿದೆ" ಎಂಬುದು ಮಂಗಳ.

ರಕ್ತದಲ್ಲಿ ಬಂದಿದೆಯಂತೆ, ರಕ್ತದಲ್ಲಿ! ಹಾಗಿದ್ದರೆ ಅಪ್ಪ ಇವನ ಬಲಗೈಯನ್ನು ಟವೆಲ್ಲಿನಿಂದ ಬೆನ್ನಿಗೆ ಬಿಗಿದು ಎರಡು ವರ್ಷ ಗೋಡೆಗೆ ಚೆಂಡು ಹೊಡೆಸಿದ್ದು ಯಾಕೆ? ಇವನು ಮೂಗು ಸುರಿಸಿಕೊಂಡು ಅಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ಆಟ ಯಾಕೆ ಎಂದು ಅಪ್ಪ ನನ್ನನ್ನು ಹತ್ತಿರ ಸೇರಿಸಲಿಲ್ಲ, ನಾನು ಬಚಾವಾದೆ.

ಅಣ್ಣನ ಮಗಳು ಬಚಾವಾಗಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ, ಮನೆಯಲ್ಲಿ ಚೂಟಿ ಎಂದೇ ಕರೆಯುವುದು. ಬರೆಯುವುದು ಬಲಗೈ, ಹಲ್ಲುಜ್ಜುವುದು ಬಲಗೈ, ನಾಯಿಗೆ ಚೆಂಡೆಸೆಯುವುದು ಬಲಗೈ. ಅಂಕಣಕ್ಕಿಳಿದರೆ ಮಾತ್ರ ಮೂರು ವರ್ಷದಿಂದ ಎಡಗೈ. ಈಗ ಎಡತೋಳು ಭುಜದಿಂದ ಮೇಲೇಳುವುದಿಲ್ಲ. ಸ್ಕೂಲಿನ ಅಂಗಿಯನ್ನು ಅತ್ತಿಗೆ ತೊಡಿಸಬೇಕು. ಇನ್ನೊಂದು ಸೀಸನ್ ಈ ಕೈಯಲ್ಲಿ ಆಡಿದರೆ ಆಪರೇಷನ್ನೇ ಗತಿ ಎಂದರು ಮೂಳೆ ಡಾಕ್ಟರು. ಮಹಾನುಭಾವ ಏನು ಮಾಡಿದ ಗೊತ್ತೇ? ಡಾಕ್ಟರನ್ನು ಬದಲಾಯಿಸಿದ.

ಅತ್ತಿಗೆ ನನಗೆ ಫೋನು ಮಾಡಿ ಅತ್ತಳು. "ನೀವಾದ್ರೂ ಒಂದು ಮಾತು ಹೇಳಿ. ನಾನು ಬಾಯಿ ಬಿಟ್ರೆ ಸಾಕು, ಆ ಫೋಟೋ ಕಡೆ ಬೆರಳು ತೋರಿಸ್ತಾರೆ."

ಹೇಳಿದೆ. ನನ್ನ ಮಾತನ್ನು ಅವನು ಯಾವತ್ತು ಕಿವಿಗೆ ಹಾಕಿಕೊಂಡಿದ್ದ?

ಅಂಥವನು ಒಂದು ಬೆಳಿಗ್ಗೆ ತಾನಾಗಿಯೇ ನನ್ನ ನೆಲಮಾಳಿಗೆಗೆ ಇಳಿದು ಬಂದ. ಕಂಕುಳಲ್ಲಿ ಆ ಫ್ರೇಮು.

"ಕ್ಲಬ್ಬಿನ ಗೋಡೆ ಮೇಲೆ ಹಳೆ ಆಟಗಾರರ ಫೋಟೋ ಹಾಕ್ತಿದ್ದಾರೆ. ಇದು ಎಲ್ಲಿ, ಯಾವ ವರ್ಷ ಅಂತ ಒಂದು ಸಾಲು ಬರ್ಕೊಡು. ಕೆಳಗೆ ನಿನ್ನ ಸೀಲು ಇರ್ಲಿ."

"ಅರಮನೆ ಅಂತ ನಿಂಗೇ ಗೊತ್ತಲ್ಲ, ನೀನೇ ಬರ್ಕೋ."

"ಕಮಿಟೀಲಿ ಹೊಟ್ಟೆಕಿಚ್ಚಿನ ಜನ ಕಣೇ. ಪುರಾವೆ ಕೇಳ್ತಾರೆ."

"ಬಿಟ್ಟು ಹೋಗು" ಎಂದೆ. ಅವನು ಮೆಟ್ಟಿಲು ಹತ್ತಿ ಹೋದಮೇಲೆ ಹಿಂಬದಿಯ ಮೊಳೆಗಳನ್ನು ಕಿತ್ತೆ.

ಒಳಗಿದ್ದದ್ದು ಕಾಗದವಲ್ಲ, ತಗಡು. ಅನುಮಾನ ಬೇಡವೆಂದು ಬೀರುವಿಗೆ ಅಂಟಿಸಿದ್ದ ಆಯಸ್ಕಾಂತವನ್ನು ತಂದು ಹಿಂಬದಿಗೆ ಮುಟ್ಟಿಸಿದೆ, ಟಪ್ಪನೆ ಕಚ್ಚಿಕೊಂಡಿತು. ಊರೂರು ತಿರುಗುವ ಫೋಟೋದವರು ಆಗ ಹೀಗೆ ತೆಳು ಕಬ್ಬಿಣದ ತಗಡಿನ ಮೇಲೆ ಚಿತ್ರ ಹಿಡಿದು ಹತ್ತು ನಿಮಿಷದಲ್ಲಿ ಕೈಗೆ ಕೊಡುತ್ತಿದ್ದರು. ಕಾಗದದ ಫೋಟೋ ನೆಗೆಟಿವ್‌ನಲ್ಲಿ ಒಮ್ಮೆ ತಿರುಗಿ, ಪ್ರಿಂಟಿನಲ್ಲಿ ಮತ್ತೊಮ್ಮೆ ತಿರುಗಿ ಸರಿಯಾಗುತ್ತದೆ. ತಗಡಿಗೆ ನೆಗೆಟಿವ್ ಎಂಬುದೇ ಇಲ್ಲ. ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿ, ಬಲ ಎಡವಾಗಿ ಹಾಗೇ ಉಳಿಯುತ್ತದೆ. ಮುತ್ತಜ್ಜನ ಕೋಟು ನೋಡಿದೆ. ಗಂಡಸರ ಕೋಟಿನ ಗುಂಡಿ ಬಲಗಡೆಗಿರಬೇಕು, ಇವನದು ಹೆಂಗಸರ ಕೋಟಿನಂತೆ ಎಡಗಡೆ. ಅಂದರೆ ರಾಕೆಟ್ ಹಿಡಿದದ್ದು ಬಲಗೈ.

ನಾನು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೇಲಿನಿಂದ ಗ್ರಂಥಪಾಲಕರು ಇಣುಕಿ ನೋಡಿ ಹೋದರು.

ಆಮೇಲೆ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ ತಿರುಗಿಸಿದೆ. ಗೋಪುರ ಬಲಕ್ಕೆ ಬಂತು, ಚಿಮಣಿ ಎಡಕ್ಕೆ. ಅರಮನೆಯಂತೆ ಅರಮನೆ! ಅದು ನಮ್ಮೂರಿನ ನೀರು ಸರಬರಾಜಿನ ಗೋಪುರ. ಅದರ ಪಕ್ಕದ ರಸ್ತೆಯಲ್ಲೇ ಅಣ್ಣ ದಿನಾ ಸ್ಕೂಟರಿನಲ್ಲಿ ಕ್ಲಬ್ಬಿಗೆ ಹೋಗುವುದು.

ಸಂಜೆ ಅವನಿಗೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದೆ.

"ಅವಸರದಲ್ಲಿ ಮುತ್ತಜ್ಜಿ ಕೋಟು ಹಾಕ್ಕೊಂಡಿರ್ಬಹುದು" ಎಂದ.

ಕೇಳಿದಿರಾ? ಬಲಗೈ ಎಂದು ಒಪ್ಪುವುದಕ್ಕಿಂತ ಮುತ್ತಜ್ಜನಿಗೆ ಹೆಂಗಸರ ಕೋಟು ತೊಡಿಸುವುದು ಇವನಿಗೆ ಸಲೀಸು. ಇಂಥ ತಲೆಯ ಜೊತೆ ಫೋನಿನಲ್ಲಿ ಗುದ್ದಾಡಿ ಪ್ರಯೋಜನವಿಲ್ಲ. "ಭಾನುವಾರ ಬೆಳಿಗ್ಗೆ ನೀರಿನ ಗೋಪುರದ ಹತ್ರ ಬಾ, ಚೂಟೀನೂ ಕರ್ಕೊಂಡು ಬಾ" ಎಂದು ಫೋನಿಟ್ಟೆ.

ಬಂದರು. ಚೂಟಿಯ ಎಡತೋಳು ಬಟ್ಟೆಯ ಜೋಲಿಯಲ್ಲಿತ್ತು. ಕಾವಲುಗಾರ ಗೇಟು ತೆಗೆದು ನಮ್ಮನ್ನು ಹಿಂದಿನ ಬಯಲಿಗೆ ಬಿಟ್ಟ. ತುಕ್ಕು ಹಿಡಿದ ಪೈಪುಗಳು, ಮೊಣಕಾಲುದ್ದ ಹುಲ್ಲು, ಎಡಗಡೆಗೆ ಪಂಪುಮನೆಯ ಮೊಂಡು ಚಿಮಣಿ. ತಿರುಗಿಸಿದ ಪ್ರತಿಯನ್ನು ಅಣ್ಣನ ಕೈಗೆ ಕೊಟ್ಟು, ಮುತ್ತಜ್ಜನೆದುರು ಫೋಟೋದವನು ನಿಂತಿದ್ದ ಜಾಗದಲ್ಲಿ ನಿಲ್ಲಿಸಿದೆ. ಗೋಪುರದ ಕಿಟಕಿ ಮೂರು, ಫೋಟೋದಲ್ಲೂ ಮೂರು. ಎರಡನೆಯದರ ಕೆಳಗೆ ಹೊರಚಾಚಿದ ಕಲ್ಲು, ಫೋಟೋದಲ್ಲೂ ಅದೇ ಕಲ್ಲು.

"ಮೇಲ್ಗಡೆ ಸಾರುವೆ ಕಾಣ್ತಿದೆಯಲ್ಲ, ಕಟ್ಟಡ ಇನ್ನೂ ಮುಗಿದಿರಲಿಲ್ಲ" ಎಂದೆ. "ಬಾಗಿಲ ಮೇಲೆ ಮುಗಿದ ವರ್ಷ ಕೆತ್ತಿದ್ದಾರೆ ನೋಡು, 1881. ರಾಕೆಟ್ಟಿನ ತಲೆ ಒಂದು ಕಡೆಗೆ ವಾಲಿದೆ, ಅದೂ ಆ ಕಾಲದ್ದೇ. ಬರ್ಕೋ. ನೀರಿನ ಗೋಪುರದ ಹಿಂದಿನ ಬಯಲು, 1881, ಬಲಗೈ. ಸೀಲು ಎಲ್ಲಿ ಒತ್ತಲಿ?"

ಆ ರಾಕೆಟ್ಟು ಮುತ್ತಜ್ಜನದೇ ಎಂಬುದಕ್ಕೂ ಗ್ಯಾರಂಟಿ ಇಲ್ಲ. ಫೋಟೋದವರು ಅಂಥ ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಿದ್ದರು. ಅದನ್ನು ಹೇಳಲು ನಾಲಿಗೆ ತುರಿಸಿತು, ಆದರೆ ಅಣ್ಣನ ಮುಖ ನೋಡಿ ಸುಮ್ಮನಾದೆ.

ಅವನು ಫೋಟೋ ನೋಡಿದ, ಗೋಪುರ ನೋಡಿದ, ಮತ್ತೆ ಫೋಟೋ ನೋಡಿದ. ಪೈಪಿನ ಮೇಲೆ ಕುಸಿದು ಕೂತ.

"ಅಪ್ಪಂಗೆ ಇದು ಗೊತ್ತಿತ್ತಾ?"

"ಅಪ್ಪಂಗೆ ಏನು ತಾನೆ ಗೊತ್ತಿತ್ತು?"

"ಟವೆಲ್ ಬಿಚ್ಚಿದ ಮೇಲೂ ಬೆರಳು ಜೋಮು ಹಿಡಿದಿರೋದು ಕಣೇ" ಎಂದ ಅಣ್ಣ. ಐವತ್ತೆರಡು ವರ್ಷದ ಮನುಷ್ಯ, ನಾಲ್ಕು ಕಪ್ಪು ಗೆದ್ದವನು. ಅವನು ಬೆಪ್ಪನಂತೆ ಕೂತದ್ದು ಕಂಡು ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಹೇಳಲಾರೆ, ಆಯಿತು.

ಕಡೆಗೆ ಅವನು ಮಗಳನ್ನು ಕರೆದ. "ನಾಳೆ ಹಳೆ ಡಾಕ್ಟರ ಹತ್ರಾನೇ ಹೋಗೋಣ. ಎಡಗೈ ಆಟ ಸಾಕು. ವಾಸಿಯಾದ್ಮೇಲೆ ಬಲಗೈಯಲ್ಲಿ ಆಡು, ಇಲ್ಲ ಆಡ್ಲೇಬೇಡ, ನಿನ್ನಿಷ್ಟ" ಎಂದು, ನಮ್ಮಿಬ್ಬರನ್ನೂ ನೋಡದೆ ಸ್ಕೂಟರಿನತ್ತ ನಡೆದ.

ಗೆದ್ದೆ ಎಂದುಕೊಂಡೆ. ಚೂಟಿ ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದೂ ಅಂದುಕೊಂಡೆ. ಅಣ್ಣ ಪೈಪಿನ ಮೇಲೆ ಬಿಟ್ಟುಹೋಗಿದ್ದ ಫೋಟೋವನ್ನು ಅವಳು ಎತ್ತಿಕೊಂಡು ಮುತ್ತಜ್ಜನ ಕೋಟಿನ ಗುಂಡಿಗಳನ್ನು ಬೆರಳಿಟ್ಟು ಎಣಿಸುತ್ತಿದ್ದಳು.

"ಅತ್ತೆ, ಇದು ಕಂಡುಹಿಡಿಯೋಕೆ ನಿಮಗೆ ಎಷ್ಟು ದಿನ ಬೇಕಾಯ್ತು?"

"ದಿನ ಏನು ಬಂತು?" ಎಂದೆ, ಜಂಬದಿಂದಲೇ. "ಗುಂಡಿ ನೋಡಿದ ತಕ್ಷಣ ಗೊತ್ತಾಯ್ತು."

"ಗುಂಡಿ ಗಾಜಿನ ಹೊರಗಿಂದಾನೂ ಕಾಣ್ತಿತ್ತಲ್ಲ?"

"ಕಾಣ್ತಿತ್ತು."

"ನೀವು ತಿಂಗಳಿಗೊಂದು ಸಲ ನಮ್ಮನೆಗೆ ಬರ್ತಿದ್ರಿ. ಅದರ ಎದುರಿಗೇ ಕೂತ್ಕೊಂಡು ಚಹಾ ಕುಡೀತಿದ್ರಿ."

ಹೌದು. ಊರಿನ ಬೊಗಳೆದಾಸರ ಫೋಟೋಗಳನ್ನೆಲ್ಲ ಭೂತಗನ್ನಡಿ ಹಿಡಿದು ಇಂಚಿಂಚು ಜಾಲಾಡಿದವಳು ನಾನು.

"ಮತ್ತೆ ಒಂದ್ಸಲಾನೂ ನೋಡ್ಲಿಲ್ವಾ ಅತ್ತೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು.

"ನೋಡ್ತಿದ್ದೆ ಕಂದ" ಎಂದೆ. "ಬಂದಾಗೆಲ್ಲ ಅದನ್ನ ನೋಡಿ ಮೂಗು ಮುರೀತಿದ್ದೆ."